ಕೋರಿಕೆ ನಿಲುಗಡೆ

ಬೆಟಗೇರಿಯಲ್ಲಿ ಕೆಳಗೆ ಪವರ್‌ಲೂಮು, ಮೇಲೆ ನನ್ನ ಇಂಗ್ಲಿಷು.
ಸಂಜೆ ಏಳಕ್ಕೆ ಮಗ್ಗ ನಿಂತರೆ ಕ್ಲಾಸು ಸುರು,
ನಿಲ್ಲದಿದ್ದರೆ ಗಂಟಲು ಹರಿದುಕೊಂಡು ಸುರು.
ಐದು ಜನ. ಅವರಲ್ಲಿ ಖಾಕಿ ಬಿಚ್ಚದೆ ಬರುವವಳು
ಫಕ್ಕೀರವ್ವ ಹಡಗಲಿ, ಲಕ್ಷ್ಮೇಶ್ವರ ರೂಟಿನ ಕಂಡಕ್ಟರು.
ಇಲಾಖೆಯ ಪರೀಕ್ಷೆಗೆ ಕೂಡುವವಳು,
ಬೆರಳ ತುದಿಗೆ ಇನ್ನೂ ನೋಟಿನ ಮಾಸು.

ವಾಂಟ್ ಬಂದರೆ ಮುಂದೆ ಟು, ಹೋಪ್ ಬಂದರೂ ಟು.
ಎಂಜಾಯ್‌ಗೆ ಇಂಗ್. ಫಿನಿಶ್‌ಗೆ ಇಂಗ್.
"ಯಾಕ್ರೀ ಮೇಡಂ?"
ಯಾಕ ಅಂತ ನನಗೂ ಯಾರೂ ಹೇಳಿಲ್ಲ.
ಯಾವ ವಾರ್ಡಿಗೆ ಯಾವತ್ತು ನಳದ ನೀರು ಅಂತ
ನೆನಪಿಟ್ಟ ಹಾಗೆ ಇದನ್ನೂ ನೆನಪಿಡ್ರಿ ಅಂದೆ.

ಆದರೆ ಕೆಲವು ಕ್ರಿಯಾಪದಗಳು
ಎರಡು ಬಾಗಿಲಿನ ಮನೆಯಂಥವು.
ರಿಮೆಂಬರ್. ಟು ಹಿಡಿದರೆ ಓಣಿಗೆ ಇಳಿಯುತ್ತೀರಿ,
ಇಂಗ್ ಹಿಡಿದರೆ ಹಿತ್ತಲಿಗೆ.

ಫಕ್ಕೀರವ್ವ ಪೆನ್ನು ಕಿವಿಗೆ ಸಿಗಿಸಿ ಎದ್ದಳು:
"ಇದು ನಮ್ಮ ಚಿಲ್ಲರೀ ಜಗಳ ಅಲ್ಲೇನ್ರೀ!
ಟಿಕೀಟಿನ ಹಿಂದ ಬರೀತೀನಿ, ಏಳು ರೂಪಾಯಿ ಕೊಡೋದದ ಅಂತ.
ಅದು ಟು.
ಮುಳಗುಂದ ನಾಕಾದಾಗ ಇಳಿಯೂಮುಂದ
ಮುದುಕ ಮತ್ತ ಕೈ ಚಾಚತಾನ.
ಕೊಟ್ಟದ್ದು ನನಗ ನೆನಪದ, ಅವಗ ನೆನಪಿಲ್ಲ.
ಅದು ಇಂಗ್."
"ಕೊಡೋದನ್ನs ಮರತರ?" ನರ್ಸು ಜುಬೇದಾ ಕೇಳಿದಳು.
"ಟು. ಮತ್ತ ಡಿಪೋಕ್ಕ ಕಂಪ್ಲೇಂಟು."
ನಗು. ಕೆಳಗೆ ಒಂದು ಮಗ್ಗ ಮಾತ್ರ ಬಡಿಯುತ್ತಲೇ ಇತ್ತು.

ಆಮೇಲೆ ಸ್ಟಾಪ್.
ಅದನ್ನು ನಾನು ಯಾವಾಗಲೂ ಕಡೆಗೆ ಇಡುತ್ತೇನೆ.
"ಇದಂತೂ ನಂದs," ಅಂದಳು.
"ಮಂದಿ ಹತ್ತಿಸಾಕ ಬಸ್ಸು ನಿಂತರ ಟು.
ಮಂದಿ ಹತ್ತಿಸೋದನ್ನ ನಿಲ್ಲಿಸಿದರ ಇಂಗ್.
ಆಗ ಬಾಗಲಾ ಬಡೀತಾರ, ಕಲ್ಲೂ ಒಗೀತಾರ."

ಹನ್ನೊಂದು ವರ್ಷದ ಹಿಂದೆ ಇದೇ ಮಾತು
ಪದ್ಮಾ ಕಬಾಡಿ ಹೇಳಿದ್ದಳು.
ಒಂಬತ್ತನೇ ಇಯತ್ತೆಯ ಪೇಪರು. ಹುಡುಗ ಬರೆದಿದ್ದ:
ನಮ್ಮ ಕಾಕಾ ಬೀಡಿ ಸೇದಲು ನಿಂತ.
ಸೇದುವುದನ್ನು ಬಿಟ್ಟ ಅಂತಿರಬೇಕು,
ನಾನು ಒಂದು ಮಾರ್ಕು ಕತ್ತರಿಸಿದ್ದೆ.
"ಎರಡೂ ಬರೋಬರಿ ಅದಾವ, ಕಾಕಾ ಬ್ಯಾರೆ ಬ್ಯಾರೆ, ಅಷ್ಟs,"
ಅಂದಳು ಸ್ಟಾಫ್ ರೂಮಿನಲ್ಲಿ, ಹೆಡ್‌ಮಾಸ್ತರರ ಎದುರು, ನಗುತ್ತ.
ಇಂಗು ತಿಂದ ಮಂಗನ ಹಾಗೆ ಕೂತಿದ್ದೆ ನಾನು.
ಅವತ್ತೇ ಮಾತು ನಿಂತಿತು. ಅಲ್ಲ,
ನಿಲ್ಲಿಸಿದೆ.
ಒಂದು ಮಾರ್ಕು. ಆ ಕಾಕಾ ಈಗ ಇದ್ದಾನೋ ಇಲ್ಲವೋ.

ಅವಳ ಮನೆ ಇಲ್ಲಿಂದ ಎರಡು ಓಣಿ.
ಕಾಯಿಪಲ್ಲೆ ಗಾಡಿಯ ಹತ್ತಿರ ಎದುರಾದರೆ
ನಾನು ಮೆಂತೆ ನೋಡುತ್ತೇನೆ, ಅವಳು ರಾಜಗಿರಿ.
ಅವಳು ಹೇಳಿದ್ದನ್ನೇ ವರ್ಷ ವರ್ಷ ಕಲಿಸುತ್ತೇನೆ,
ಕಾಕಾನ ಬೀಡಿಯ ಸಮೇತ.
ರಿಗ್ರೆಟ್ ಅಂತ ಇನ್ನೊಂದಿದೆ, ಅದಕ್ಕೂ ಎರಡು ಬಾಗಿಲು.
ಪರೀಕ್ಷೆಗೆ ಬರೂದಿಲ್ಲ ಬಿಡ್ರಿ, ಅಂತ ದಾಟಿಸುತ್ತೇನೆ.

ಎಲ್ಲರೂ ಹೋದ ಮೇಲೆ ನೋಟುಬುಕ್ಕು ತಿದ್ದಲು ಕೂತೆ.
ಸ್ವಂತ ವಾಕ್ಯ ಬರೆಯಿರಿ ಅಂದಿದ್ದೆ,
ಫಕ್ಕೀರವ್ವ ದಪ್ಪ ಅಕ್ಷರದಲ್ಲಿ ಬರೆದಿದ್ದಳು:
ಐ ಸ್ಟಾಪ್ಡ್ ಟಾಕ್.
ಟು ಇಲ್ಲ. ಇಂಗ್ ಇಲ್ಲ.
ಡ್ರೈವರನ ಜೊತೆಗೋ, ಗಂಡನ ಜೊತೆಗೋ,
ಬಿಟ್ಟದ್ದೋ, ನಿಂತದ್ದೋ,
ಬೋರ್ಡು ಹಾಕದ ಬಸ್ಸಿನಂತೆ
ಬೋಳು ಕ್ರಿಯಾಪದ, ಇಂಜಿನ್ನು ಮಾತ್ರ ಚಾಲೂ.
ಕೆಂಪು ಪೆನ್ನಿನ ಟೋಪಿ ತೆಗೆದೆ. ಬಹಳ ಹೊತ್ತು ಹಿಡಿದಿದ್ದೆ.

ಕರೆಂಟು ಹೋಗಿ ಕೆಳಗಿನ ಆ ಒಂದು ಮಗ್ಗವೂ ನಿಂತಿತು.
ಕಿವಿಗೆ ಇಷ್ಟು ಜಾಗವಿತ್ತೇ ಅನಿಸಿತು.
ಕಾಲಿನಿಂದ ಚಪ್ಪಲಿ ಹುಡುಕಿ, ಗೋಡೆ ಹಿಡಿದು ಇಳಿದೆ.
ಒಂದು ಓಣಿ. ಎರಡನೆಯದು.
ಪದ್ಮಾಳ ಕಟ್ಟೆಯ ಮೇಲೆ ಮೇಣಬತ್ತಿ,
ಹಿಂದೆ ಯಾರೋ, ಅವಳೋ, ಸೊಸೆಯೋ,
ಕೈಯಲ್ಲಿ ಬೀಸಣಿಕೆ.

ನಿಂತೆ.

"ಯಾರವರು? ಯಾಕ ನಿಂತೀರಿ?"
ಅಂದಿತು ಮೇಣಬತ್ತಿಯ ಹಿಂದಿನ ಕತ್ತಲು.